ಗೆರೆ ದಾಟುವುದೋ, ಗೆರೆ ಹಾಯುವುದೋ?

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಕೊಂಡು ಮೂರು ದಿನ ಆಯಿತು. ಮಕ್ಕಳ ಪತ್ರಿಕೆಯೊಂದಕ್ಕಾಗಿ ಚಾರ್ಲ್ಸ್ ಡಾರ್ವಿನ್‌ನ ಹಡಗಿನ ದಿನಚರಿಯಿಂದ ಒಂದು ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1832ರ ಫೆಬ್ರವರಿ 17ರ ಪುಟ. ಅವತ್ತಿಗೆ ಅವನಿಗೆ 23 ತುಂಬಿ ಐದೇ ದಿನ. ಬೀಗಲ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಸಮಭಾಜಕ ವೃತ್ತವನ್ನು ದಾಟಿದೆ. ಮೊದಲ ಸಲ ದಾಟುವವರಿಗೆ ಹಳಬರು ಮಾಡುವ ಮರ್ಯಾದೆ ಒಂದಿದೆಯಲ್ಲ, ಅದು ನಡೆಯಿತು.

ಹೊಸಬರು 32 ಮಂದಿ. ಎಲ್ಲರನ್ನೂ ಕೆಳಗಿನ ಅಂತಸ್ತಿಗೆ ತಳ್ಳಿ ಮೇಲಿನ ಬಾಗಿಲು ಮುಚ್ಚಿದರು. ಕತ್ತಲೆ, ಸೆಕೆ. ಸಮುದ್ರದೇವರು ನೆಪ್ಚೂನ್‌ನ ಪೊಲೀಸರ ವೇಷದಲ್ಲಿ ನಾಲ್ವರು ಬಂದು ಒಬ್ಬೊಬ್ಬರನ್ನೇ ಮೇಲಕ್ಕೆ ಕರೆದೊಯ್ದರು. ಮೊದಲ ಸರದಿ ಡಾರ್ವಿನ್‌ನದು. ಕಣ್ಣಿಗೆ ಬಟ್ಟೆ ಕಟ್ಟಿ, ಹಲಗೆಯ ಮೇಲೆ ಕೂರಿಸಿ, ಮುಖಕ್ಕೂ ಬಾಯಿಗೂ ಟಾರು, ಬಣ್ಣ ಬಳಿದರು. ಕ್ಷೌರದ ಸೋಪಿನ ಬದಲು ಅದು! ಆಮೇಲೆ ಪೀಪಾಯಿಗೆ ಹಾಕುವಂಥ ಒರಟು ಕಬ್ಬಿಣದ ಪಟ್ಟಿಯಿಂದ ಕೆರೆದು ತೆಗೆದರು. ಕೊನೆಗೆ ಹಲಗೆ ಎತ್ತಿ ನೀರಿಗೆ ಉರುಳಿಸಿದರು. ಅಲ್ಲಿ ಇಬ್ಬರು ಹಿಡಿದು ಮುಳುಗಿಸಿದರು. ಇಷ್ಟಾದರೂ ತಾನು ಸುಲಭವಾಗಿ ಪಾರಾದೆ, ಉಳಿದವರ ಪಾಡು ಇನ್ನೂ ಕೆಟ್ಟದಾಗಿತ್ತು ಎಂದೇ ಅವನು ಬರೆದುಕೊಂಡಿದ್ದಾನೆ. ಕ್ಯಾಪ್ಟನ್ ಫಿಟ್ಜ್‌ರಾಯ್ ಕೂಡ ನೆನೆಯದೆ ಉಳಿಯಲಿಲ್ಲ.

ಆ ಕ್ಷೌರಕ್ಕೆ ಪದ ಸಲೀಸಾಗಿ ಸಿಕ್ಕಿತು. ‘ಬೋಳಿಸಿದರು’ ಎಂದರೆ ದುಡ್ಡು ಹೊಡೆದರು ಎಂದಾಗಿಬಿಡುತ್ತದೆ. ‘ಹೆರೆದರು’ ಎಂದೆ. ಗಡ್ಡವನ್ನೂ ಹೆರೆಯುತ್ತೇವೆ, ಕೊಬ್ಬರಿಯನ್ನೂ ಹೆರೆಯುತ್ತೇವೆ. ಕಬ್ಬಿಣದ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಕ್ರಿಯಾಪದ ಬೇಕಾ?

ಹೊಸಬರಿಗೆ ಡಾರ್ವಿನ್ ಬಳಸುವ ಪದ ಮಾತ್ರ ಮಜವಾಗಿದೆ: ಗ್ರಿಫಿನ್. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬಂದು ಇನ್ನೂ ವರ್ಷ ತುಂಬದ, ಇಲ್ಲಿನ ರೀತಿ ರಿವಾಜು ತಿಳಿಯದ ಬಿಳಿಯರನ್ನು ಆಗ ಹಾಗೆ ಕರೆಯುತ್ತಿದ್ದರು. ಅದನ್ನು ‘ಹೊಸಬರು’ ಎಂದು ಬರೆದು ಮುಂದೆ ಹೋದೆ. ಅಮೆರಿಕದ ನೌಕಾಪಡೆಯಲ್ಲಿ ಇಂಥವರು ‘ಪಾಲಿವಾಗ್’, ಅಂದರೆ ಗೊದಮೊಟ್ಟೆ. ಗೆರೆ, ಅಂದರೆ ಸಮಭಾಜಕ ವೃತ್ತ, ದಾಟಿದವರು ‘ಶೆಲ್‌ಬ್ಯಾಕ್’, ಬೆನ್ನ ಮೇಲೆ ಚಿಪ್ಪಿರುವವರು. ಗೊದಮೊಟ್ಟೆ ಬೆಳೆದು ಕಪ್ಪೆ ಆಗಬೇಕಿತ್ತು, ಇಲ್ಲಿ ನೋಡಿದರೆ ಆಮೆಯಾಗುತ್ತದೆ! 180 ಡಿಗ್ರಿ ರೇಖಾಂಶದ ಹತ್ತಿರವೇ ಗೆರೆ ದಾಟಿದರೆ ಚಿನ್ನದ ಚಿಪ್ಪಿನವರು. ಇದು ನನ್ನ ಪುಟದಲ್ಲಿಲ್ಲ, ಸುಮ್ನೆ ಹೇಳಿದೆ.

ನಿಜವಾದ ತೊಡಕು ಇಡೀ ಆಚರಣೆಗೆ ಏನು ಹೆಸರಿಡಬೇಕು ಅನ್ನುವುದು. ಇಂಗ್ಲಿಷಿನಲ್ಲಿ ಸರಳ: ಗೆರೆ ದಾಟುವುದು. ನಾವಿಕರಿಗೆ ಅದು ಬರೀ ‘ಗೆರೆ’, ‘ಸಮಭಾಜಕ ವೃತ್ತ’ ಎಂದು ಪಾಠಪುಸ್ತಕದ ಹಾಗೆ ಹೇಳಿದರೆ ಟಾರು ಬಳಿದ ಬಾಯಿಗೆ ಬರುವ ಮಾತಲ್ಲ. ಆದರೆ ಕನ್ನಡದಲ್ಲಿ ‘ಗೆರೆ ದಾಟಿದ’ ಎಂದ ಕೂಡಲೇ ತಪ್ಪು ಮಾಡಿದ ಎಂಬ ಅರ್ಥ ಮೊದಲು ಬರುತ್ತದೆ. ಲಕ್ಷ್ಮಣ ಎಳೆದ ಗೆರೆ ಅಷ್ಟು ಆಳವಾಗಿ ಕೂತಿದೆ. ಮಕ್ಕಳಂತೂ, ಗೆರೆ ದಾಟಿದ್ದಕ್ಕೇ ಡಾರ್ವಿನ್‌ಗೆ ಶಿಕ್ಷೆ ಆಯಿತು ಎಂದುಕೊಳ್ಳುತ್ತಾರೆ.

‘ಸಾಗರದೀಕ್ಷೆ’ ಎಂದು ಒಬ್ಬರು ಸಲಹೆ ಕೊಟ್ಟರು. ದೀಕ್ಷೆ ಅಂದರೆ ಗುರು, ಉಪವಾಸ, ಮಡಿ. ಇಲ್ಲಿರುವುದು ಗಲಾಟೆ. ಫ್ರೆಂಚರೂ ಜರ್ಮನರೂ ಇದನ್ನು ಚರ್ಚಿನ ಸ್ನಾನಸಂಸ್ಕಾರದ ಹೆಸರಿನಿಂದಲೇ ಕರೆಯುತ್ತಾರೆ, ನಿಜ. ಆದರೆ ಅದು ಅವರ ಊರಿನ ತಮಾಷೆ, ನಮ್ಮಲ್ಲಿ ನಗು ಬರುವುದಿಲ್ಲ. ನೆಪ್ಚೂನ್‌ನನ್ನು ವರುಣ ಮಾಡಲೂ ಇದೇ ಕಾರಣಕ್ಕೆ ಒಪ್ಪಲಿಲ್ಲ. ವರುಣನ ಕೈಯಲ್ಲಿರುವುದು ಪಾಶ. ನೆಪ್ಚೂನ್‌ನ ಹಾಗೆ ತ್ರಿಶೂಲ ಕೊಟ್ಟರೆ ಮಕ್ಕಳು ಶಿವ ಎನ್ನುತ್ತಾರೆ.

ನನಗೆ ಹೊಳೆದದ್ದು ‘ಹಾಯು’. ಹೊಳೆ ಹಾಯುತ್ತೇವೆ. ಹರಕೆ ಹೊತ್ತವರು ಕೊಂಡ ಹಾಯುತ್ತಾರೆ. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತೇವೆ. ಈ ಪದದಲ್ಲಿ ಆಚೆ ಹೋಗುವುದೂ ಇದೆ, ಹೋಗುವಾಗ ಮೈಗೆ ಒಂದಿಷ್ಟು ಬಿಸಿ ತಟ್ಟುವುದೂ ಇದೆ, ಸುತ್ತ ನಿಂತವರ ಕೂಗಾಟವೂ ಇದೆ. ಹಾಗಾಗಿ ಹಡಗಿನ ಮಟ್ಟಿಗೆ ‘ಗೆರೆ ಹಾಯುವುದು’, ಹಳಬರು ಹೊಸಬರಿಗೆ ಮಾಡುವುದು ‘ಗೆರೆ ಹಾಯಿಸುವುದು’. ಶೆಲ್‌ಬ್ಯಾಕ್ ‘ಗೆರೆ ಹಾದವನು’. ಹಡಗಿನ ಹಾಯಿಗೂ ಇದಕ್ಕೂ ನಂಟಿಲ್ಲದಿದ್ದರೂ ಕಿವಿಗೆ ಚೆಂದ ಕೇಳುತ್ತದೆ ಅಲ್ವಾ?

1768ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಎಂಡೆವರ್ ಹಡಗಿನಲ್ಲೂ ಹೀಗೇ ಆಯಿತು. ಅದರಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ತನಗೆ, ತನ್ನ ಆಳುಗಳಿಗೆ, ನಾಯಿಗಳಿಗೆ ಕೂಡ ಸೇರಿಸಿ ಬ್ರಾಂದಿ ಕೊಟ್ಟು ಮುಳುಗು ತಪ್ಪಿಸಿಕೊಂಡ. ಅದಕ್ಕೆ ‘ತಪ್ಪುಕಾಣಿಕೆ’ ಎಂದರೆ ಸರಿಹೋದೀತು ಅನ್ನಿಸಿ ಅಡಿಟಿಪ್ಪಣಿಯಲ್ಲಿ ಹಾಕಿದ್ದೇನೆ. ಜಾಸ್ತಿ ಆಯಿತಾ ಹೇಳಿ.

ಈಗ ನನ್ನ ಪ್ರಶ್ನೆಗಳು. ಧಾರವಾಡದ ಕಡೆಯ ಗೆಳತಿಯೊಬ್ಬರು ‘ಹಾಯು’ ಅಂದರೆ ಎತ್ತು ಕೊಂಬಿನಿಂದ ತಿವಿಯುವುದೇ ಮೊದಲು ನೆನಪಾಗುತ್ತದೆ ಎಂದರು. ಉತ್ತರ ಕರ್ನಾಟಕದ ಉಳಿದವರಿಗೂ ಹಾಗೇನಾ? ಕಾರವಾರ, ಹೊನ್ನಾವರ, ಮಲ್ಪೆ ಕಡೆಯವರು ಯಾರಾದರೂ ಇದ್ದರೆ ಇದನ್ನೂ ಹೇಳಿ: ಮೊದಲ ಸಲ ಕಡಲಿಗೆ ಇಳಿಯುವ ಹುಡುಗನನ್ನು ದೋಣಿಯ ಹಳಬರು ಏನೆಂದು ಕರೆಯುತ್ತಾರೆ? ಬೈಗುಳವಾದರೂ ಪರವಾಗಿಲ್ಲ, ಮಕ್ಕಳ ಪತ್ರಿಕೆಗೆ ತಕ್ಕ ಹಾಗೆ ಸೋಸಿಕೊಳ್ಳುತ್ತೇನೆ. ಬುಧವಾರದೊಳಗೆ ಪುಟ ಕಳಿಸಬೇಕು.