ಸಂಡೂರು: ಡಂಪ್ ಬುಡದಲ್ಲಿ ಟೋ ವಾಲ್ ಇದ್ದರೂ ಹೊಲಕ್ಕೆ ಕೆಂಪು ನೀರು ಬರುವುದೇಕೆ?

ಹಳ್ಳದ ದಂಡೆ ಕೇಳಿದ್ದು:
ಸಂಡೂರು ತಾಲ್ಲೂಕಿನ ಒಂದು ಕಬ್ಬಿಣದ ಅದಿರು ಗಣಿಯ ವೇಸ್ಟ್ ಡಂಪ್ (ಅಗೆದು ತೆಗೆದ ಮಣ್ಣು-ಕಲ್ಲು ಸುರಿದ ರಾಶಿ), ಎತ್ತರ ಅಂದಾಜು 30 ಮೀಟರ್. ಬುಡದಲ್ಲಿ ಕಲ್ಲಿನ ಟೋ ವಾಲ್ (ತಡೆಗೋಡೆ) ಇದೆ, ಅದರಾಚೆ ಗಾರ್ಲ್ಯಾಂಡ್ ಡ್ರೇನ್ (ಡಂಪ್ ಸುತ್ತ ತೋಡಿದ ಕಾಲುವೆ) ಕೂಡ ಇದೆ. ಆದರೂ ಸೆಪ್ಟೆಂಬರ್ ಮಳೆಗೆ ಕೆಂಪು ನೀರು ಕೆಳಗಿನ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿ ಹೂಳು ಕೂರುತ್ತಿದೆ. ಗೋಡೆಯನ್ನು ಇನ್ನರ್ಧ ಮೀಟರ್ ಏರಿಸುತ್ತೇವೆ ಅಂತಾರೆ ಗಣಿಯವರು. ಅಷ್ಟಕ್ಕೆ ನಿಲ್ಲುತ್ತದಾ? ನಾವು ಏನು ನೋಡಿ, ಏನು ಕೇಳಬೇಕು?

ಬೆಂಚ್ ಮಾರ್ಕ್ ಉತ್ತರ:
ನಿಲ್ಲುವುದಿಲ್ಲ ಸರ್. ಟೋ ವಾಲ್ ಇರುವುದು ಉರುಳಿ ಬರುವ ಕಲ್ಲು, ಜಾರಿದ ಮಣ್ಣು ತಡೆಯಲಿಕ್ಕೆ. ನೀರಲ್ಲಿ ಕದಡಿದ ಸಣ್ಣ ಕಣವನ್ನು ಅದು ತಡೆಯುವುದಿಲ್ಲ. ಮೊದಲು ಡಂಪ್ ಮೇಲೆ ಹತ್ತಿ ನೋಡಿ.

ಪರಿಸರ ಅನುಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಹಾಕುವ ಷರತ್ತು ಹೀಗಿರುತ್ತದೆ: ಎತ್ತರ 30 ಮೀಟರ್ ಮೀರಬಾರದು, 10 ಮೀಟರಿನ ಮೂರು ಮೆಟ್ಟಿಲು, ಒಟ್ಟು ಇಳಿಜಾರು 28 ಡಿಗ್ರಿ. ಟಿಪ್ಪರ್ ಸುರಿದ ಮಣ್ಣು ತಾನಾಗಿ ನಿಲ್ಲುವುದು ಸುಮಾರು 37 ಡಿಗ್ರಿಯಲ್ಲಿ. ಲೆಕ್ಕ ಹಾಕಿ: 28 ಡಿಗ್ರಿಗೆ 30 ಮೀಟರ್ ಎತ್ತರಕ್ಕೆ 56 ಮೀಟರ್ ಅಡ್ಡಳತೆ ಬೇಕು. ಮೂರು ಮೆಟ್ಟಿಲುಗಳ ಇಳಿಜಾರು ಮುಖಗಳು 37 ಡಿಗ್ರಿಯಲ್ಲಿದ್ದರೆ ಅವು ತಿನ್ನುವುದು 40 ಮೀಟರ್. ಉಳಿದ 16 ಮೀಟರ್ ಎರಡು ಬರ್ಮ್‌ಗಳಿಗೆ (ಮೆಟ್ಟಿಲುಗಳ ನಡುವಿನ ಸಮತಟ್ಟು ಜಾಗ), ತಲಾ 8 ಮೀಟರ್. ಅಲ್ಲಿ ಟೇಪ್ ಹಿಡಿದಾಗ ಬರ್ಮ್ 3 ಮೀಟರ್ ಬಂದರೆ ಡ್ರಾಯಿಂಗ್ ಒಂದು, ಡಂಪ್ ಇನ್ನೊಂದು ಎಂದರ್ಥ.

ಇನ್ನೊಂದು, ಬರ್ಮ್ ಒಳಕ್ಕೆ ವಾಲಿರಬೇಕು, 2–3 ಪರ್ಸೆಂಟ್ ಸಾಕು. ಒಳಬದಿಯ ಸಣ್ಣ ಕಾಲುವೆಯಲ್ಲಿ ನೀರು ಪಕ್ಕಕ್ಕೆ ಹರಿದು ಕಲ್ಲು ಹಾಸಿದ ಜಾರುಗಾಲುವೆಯಿಂದ ಕೆಳಗಿಳಿಯಬೇಕು. ಡೋಜರ್‌ನವರು ಅಂಚಿಗೆ ಮಣ್ಣು ತಳ್ಳಿ ತಳ್ಳಿ ಬರ್ಮ್ ಹೊರಕ್ಕೆ ವಾಲುತ್ತದೆ. ಆಗ ಮೇಲಿನ ನೀರೆಲ್ಲ ಒಂದೇ ತಗ್ಗಿನಲ್ಲಿ ಮುಖದ ಮೇಲೆ ಧುಮುಕುತ್ತದೆ. ಮೊದಲ ಮಳೆಗೆ ಬೆರಳಗಲದ ಗೀರು, ಮೂರನೇ ಮಳೆಗೆ ಆಳುದ್ದದ ಕೊರಕಲು. ನಿಮ್ಮ ಹೊಲದ ಹೂಳು ಆ ಕೊರಕಲಿನದೇ ಇರುತ್ತದೆ.

ಗೋಡೆ ಸಿಮೆಂಟಿನದಾದರೆ ನೀರು ಸೋರಲು ರಂಧ್ರ, ಹಿಂದೆ ಜಲ್ಲಿಯ ಪದರ ಇದೆಯಾ ನೋಡಿ. ಇಲ್ಲದಿದ್ದರೆ ಹಿಂದೆ ನೀರು ನಿಂತು ಗೋಡೆಯೇ ಮಗುಚುತ್ತದೆ. ಏರಿಸಿದಷ್ಟೂ ಅಪಾಯ ಜಾಸ್ತಿ.

ಕ್ಯೂಸೆಕ್ ಉತ್ತರ:
ಮೇಲಿನವರು ಹೇಳಿದ್ದು ಸರಿ. ಡ್ರೇನ್ ಲೆಕ್ಕ ನಾನು ಸೇರಿಸುತ್ತೇನೆ. ಡಂಪ್ 10 ಹೆಕ್ಟೇರ್ ಅಂದುಕೊಳ್ಳಿ. ಗಂಟೆಗೆ 50 ಮಿ.ಮೀ. ಮಳೆ, ಅದರಲ್ಲಿ 70 ಪರ್ಸೆಂಟ್ ಹರಿದರೆ ಗಂಟೆಗೆ 3,500 ಘನ ಮೀಟರ್, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 1 ಘನ ಮೀಟರ್. ಷರತ್ತಿನ ಪ್ರಕಾರ ಇದಕ್ಕೆ 50 ಪರ್ಸೆಂಟ್ ಹೆಚ್ಚುವರಿ ಇಡಬೇಕು, ಅಂದರೆ 1.5 ಘನ ಮೀಟರ್. 1 ಮೀಟರ್ ಅಗಲ, 1 ಮೀಟರ್ ಆಳದ ಕಾಲುವೆಯಲ್ಲಿ ನೀರು ಸೆಕೆಂಡಿಗೆ 1.5 ಮೀಟರ್ ಓಡಿದರೆ ಅಷ್ಟು ಮಾತ್ರ ಸಾಗುತ್ತದೆ, ಅದೂ ಅಂಚಿನ ತನಕ ತುಂಬಿ. ಅರ್ಧ ಹೂಳು ತುಂಬಿದ್ದರೆ ಸಾಗುವುದು ಅರ್ಧಕ್ಕಿಂತ ಕಡಿಮೆ. ಮೇ ಕೊನೆಯೊಳಗೆ ಹಿಟಾಚಿ ಇಳಿಸಿ ಹೂಳೆತ್ತಿದರೆ ಸಾಲದು, ಮಳೆಗಾಲದ ನಡುವೆಯೂ ಎತ್ತಬೇಕು. ಎತ್ತಿದ ಹೂಳನ್ನು ಕಾಲುವೆ ದಡದ ಮೇಲೇ ಗುಡ್ಡೆ ಹಾಕುವುದು ಮಾಮೂಲಿ ದಡ್ಡತನ, ಮುಂದಿನ ಮಳೆಗೆ ಅದು ಮತ್ತೆ ಒಳಗೇ!

ಕಾಲುವೆ ಕೊನೆಗೆ ಹೂಳು ತಂಗುವ ಹೊಂಡ ಇದೆಯಾ? 10 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ಕಣ ನಿಂತ ನೀರಲ್ಲಿ 1 ಮೀಟರ್ ಇಳಿಯಲು ಸುಮಾರು 3 ಗಂಟೆ ಬೇಕು. 2 ಮೈಕ್ರಾನ್ ಜೇಡಿ ಕಣಕ್ಕೆ 3 ದಿನ. ಹೊಂಡ ಚಿಕ್ಕದಿದ್ದರೆ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹಾಗೇ ಹೋಗುತ್ತದೆ. ಸಾಲಾಗಿ ಎರಡು ಮೂರು ಹೊಂಡ, ನಡುವೆ ಕಲ್ಲಿನ ಚೆಕ್ ಡ್ಯಾಮ್ ಇರಬೇಕು.

ಪುರಾವೆಗೆ: ಮಳೆ ಬರುವಾಗಲೇ ಗಣಿಯ ನೀರು ಹೊರಬೀಳುವ ಜಾಗದಲ್ಲಿ ಸ್ವಚ್ಛ ಕ್ಯಾನ್‌ನಲ್ಲಿ 2 ಲೀಟರ್ ಹಿಡಿದು, ಜಾಗ, ಸಮಯ ಬರೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಅಂದೇ ಮಾನ್ಯತೆ ಪಡೆದ ಲ್ಯಾಬ್‌ಗೆ ಕೊಡಿ. ತೇಲುವ ಘನಕಣಗಳ ಪ್ರಮಾಣ ಕೇಳಿ. ಮೇಲ್ಮೈ ಜಲಕ್ಕೆ ಬಿಡುವ ತ್ಯಾಜ್ಯ ನೀರಿನ ಸಾಮಾನ್ಯ ಮಿತಿ ಲೀಟರಿಗೆ 100 ಮಿ.ಗ್ರಾಂ.

ಹಳ್ಳದ ದಂಡೆ:
ಧನ್ಯವಾದ. ಡಂಪ್‌ನ ಒಂದು ಪಾರ್ಶ್ವದಲ್ಲಿ ನಾರಿನ ಚಾಪೆ ಹಾಸಿದ್ದರು, ಅದೂ ಕಿತ್ತು ಬಂದಿದೆ. ಇನ್ನೊಂದು ಪಾರ್ಶ್ವ ಪೂರ್ತಿ ಬೋಳು. ಕೇಳಿದರೆ ಅದು ಸಬ್‌ಗ್ರೇಡ್, ಗಿಡ ಹಾಕುವ ಹಾಗಿಲ್ಲ ಅಂದರು. ಹೊಲಕ್ಕೇನು ಮಾಡುವುದು?

ಲಾವಂಚ ಉತ್ತರ:
ಸಬ್‌ಗ್ರೇಡ್ ಮಾತು ಸುಳ್ಳಲ್ಲ. ಕಡಿಮೆ ದರ್ಜೆಯ ಅದಿರನ್ನು ಮುಂದೆ ಸಂಸ್ಕರಿಸಿ ಮಾರಬಹುದು, ಹಾಗಾಗಿ ಅದನ್ನು ಬೇರೆ ರಾಶಿ ಹಾಕುತ್ತಾರೆ, ಕಾಯಂ ಮರ ನೆಡುವುದಿಲ್ಲ. ಆದರೆ ಹುಲ್ಲು ಬಿತ್ತಬಾರದು ಎಂದು ಯಾರೂ ಹೇಳಿಲ್ಲ. ಸ್ಟೈಲೋ ಎಂಬ ಮೇವಿನ ಬೀಜ ಎರಚಲು ಏನಡ್ಡಿ?

ಚಾಪೆ ಕಿತ್ತುಬರಲು ಕಾರಣ ಬಹುತೇಕ ಒಂದೇ: ನೆಲಕ್ಕೆ ಅಂಟಿ ಕೂತಿಲ್ಲ. ಮೊದಲು ಕೊರಕಲು ಮುಚ್ಚಿ ಮುಖ ಸಮ ಮಾಡಬೇಕು, ಮೇಲ್ಮಣ್ಣು ಹರಡಿ ಬೀಜ ಹಾಕಬೇಕು, ಆಮೇಲೆ ಚಾಪೆ. ಮೇಲಂಚಿನಲ್ಲಿ 30 ಸೆಂ.ಮೀ. ಆಳದ ಗುಂಡಿ ತೋಡಿ ತುದಿಯನ್ನು ಹೂಳಬೇಕು. ಮೇಲಿನಿಂದ ಕೆಳಕ್ಕೆ ಬಿಚ್ಚುತ್ತಾ, ಪಕ್ಕದ ಸುರುಳಿಯ ಮೇಲೆ 15 ಸೆಂ.ಮೀ. ಬರುವಂತೆ, ಮೀಟರಿಗೊಂದು ಗೂಟ. ಎಳೆದು ಬಿಗಿದರೆ ತಗ್ಗಿನ ಮೇಲೆ ಡೇರೆಯಂತೆ ನಿಂತು ನೀರು ಅಡಿಯಲ್ಲಿ ಹರಿಯುತ್ತದೆ, ಮೇಲೆ ಚಾಪೆ ಚೆನ್ನಾಗೇ ಕಾಣುತ್ತದೆ. ನಾರು ಎರಡು ಮೂರು ವರ್ಷಕ್ಕೆ ಕೊಳೆಯುತ್ತದೆ, ಅಷ್ಟರಲ್ಲಿ ಬೇರು ಹಿಡಿಯಲೇಬೇಕು. ಬರ್ಮ್ ಅಂಚಿಗೆ ಲಾವಂಚದ ಸಾಲು, ಮುಖಕ್ಕೆ ಆ ಗುಡ್ಡಗಳದೇ ಬಂದರಿಕೆ, ಕೆಳಗೆ ಹೊಂಗೆ. ಸುಬಾಬುಲ್ ಬೇಗ ಹಸಿರು ಕಾಣಿಸುತ್ತದೆ, ಫೋಟೋಗೆ ಒಳ್ಳೆಯದು, ಆಮೇಲೆ ಸುತ್ತೆಲ್ಲ ಹಬ್ಬುತ್ತದೆ.

ಹೊಲದ ವಿಷಯ. ಅಲ್ಲಿನ ಅದಿರು ಆಕ್ಸೈಡ್, ಸಲ್ಫೈಡ್ ಅಲ್ಲ. ಆದ್ದರಿಂದ ಆಮ್ಲದ ನೀರಿನ ಭಯ ಇಲ್ಲಿ ಮುಖ್ಯವಲ್ಲ. ತೊಂದರೆ ಬೇರೆ: ಒಣಗಿದ ಹೂಳು ಹೆಪ್ಪುಗಟ್ಟಿ ಮೊಳಕೆ ಏಳುವುದಿಲ್ಲ, ಅದರಲ್ಲಿ ಸಾವಯವ ಅಂಶ ಇಲ್ಲವೇ ಇಲ್ಲ, ಕಬ್ಬಿಣದ ಆಕ್ಸೈಡ್ ರಂಜಕವನ್ನು ಬೆಳೆಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ನಾಲ್ಕೈದು ಇಂಚು ಬಿದ್ದಿದ್ದರೆ ಕೆರೆದು ಹೊರಹಾಕಿಸಿ, ಖರ್ಚು ಗಣಿಯವರದು. ಒಂದಿಂಚಿದ್ದರೆ ಆಳವಾಗಿ ಉತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ. ರಂಜಕ ಕೊಡುವ ಡಿಎಪಿಯನ್ನು ಎರಚಬೇಡಿ, ಬೀಜದ ಸಾಲಿನ ಪಕ್ಕ, ಸ್ವಲ್ಪ ಕೆಳಗೆ ಬೀಳುವಂತೆ ಹಾಕಿ. ಮೊದಲು ಮಣ್ಣು ಪರೀಕ್ಷೆ.

ಬೆಂಚ್ ಮಾರ್ಕ್:
ಕಾಗದದ ಕೆಲಸ: 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದ ಮೇಲೆ ಮತ್ತೆ ಶುರುಮಾಡಲು ಗಣಿಗುತ್ತಿಗೆವಾರು ಆರ್ ಅಂಡ್ ಆರ್ ಪ್ಲಾನ್ (ಹಾಳಾದ ಗಣಿ ಜಾಗ ಸರಿಪಡಿಸುವ ಯೋಜನೆ) ಕಡ್ಡಾಯವಾಯಿತು. ನಿಮ್ಮ ಗಣಿ ಆಗಿನದಾದರೆ, ಡಂಪ್, ಟೋ ವಾಲ್, ಚೆಕ್ ಡ್ಯಾಮ್ ಎಲ್ಲೆಲ್ಲಿ ಎಂದು ಅದರಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಪಡೆಯಿರಿ. ಜೊತೆಗೆ ಪರಿಸರ ಅನುಮತಿಯ ಅರ್ಧವಾರ್ಷಿಕ ಪಾಲನಾ ವರದಿ. ಬರ್ಮ್ ಅಳತೆ, ಕಾಲುವೆ ಅಳತೆ, ಲ್ಯಾಬ್ ವರದಿ ಮೂರನ್ನೂ ಲಗತ್ತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡಿ. "ಗೋಡೆ ಏರಿಸಿ" ಅಂತ ಬರೆಯಬೇಡಿ. ಅವರು ಏರಿಸಿಬಿಡುತ್ತಾರೆ, ಫೈಲ್ ಮುಚ್ಚುತ್ತದೆ.