ಮಳೆಗಾಲದ ಹೂಳು: ಮೇ ಸರ್ವೆಯಿಂದ ಅಕ್ಟೋಬರ್ ಸರ್ವೆ ಕಳೆದರೆ ಸಾಕೇ?

ಪ್ರಶ್ನೆ: ಸರ್, ನಾನು ಸಿವಿಲ್ ಅಂತಿಮ ವರ್ಷದ ವಿದ್ಯಾರ್ಥಿನಿ. ಹೂಳೆತ್ತಿದ ಬಂದರು ಚಾನೆಲ್ (ಹಡಗು ಬಂದುಹೋಗುವ ಆಳದ ದಾರಿ) ಒಂದರಲ್ಲಿ ಮಳೆಗಾಲದಲ್ಲಿ ಎಷ್ಟು ಹೂಳು ತುಂಬುತ್ತದೆ ಎಂಬುದು ನನ್ನ ಪ್ರಾಜೆಕ್ಟ್. ಎರಡು ಸರ್ವೆಗಳ ಆಳದ ವ್ಯತ್ಯಾಸದ ಸರಾಸರಿ ತೆಗೆದು ಐದು ತಿಂಗಳಿಗೆ ಭಾಗಿಸಿದ್ದೇನೆ. ಬಿಂದುಗಳು 40,000 ಇರುವುದರಿಂದ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ತಪ್ಪಿರಬಹುದೆಂಬ ಅಂದಾಜು) ಒಂದು ಸೆಂಟಿಮೀಟರ್ ಕೂಡ ಬರಲಿಲ್ಲ. ಆದರೂ ನಮ್ಮ ಗೈಡ್ ಒಪ್ಪುತ್ತಿಲ್ಲ.

ಉತ್ತರ: ಒಪ್ಪದಿರುವುದೇ ಸರಿ. ಸರ್ವೆ ದೋಣಿ ಒಂದೇ ಗೆರೆ ಹಿಡಿದು ಸಾಗುತ್ತ ಆಳ ಅಳೆಯುತ್ತದೆ. ಪಕ್ಕಪಕ್ಕದ ಬಿಂದುಗಳು ಒಂದೇ ದಿಬ್ಬದ ಮೇಲೆ ಕುಳಿತಿರುತ್ತವೆ. ಅವನ್ನು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದರೆ ದೋಷ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ವೇರಿಯೋಗ್ರಾಮ್ (ದೂರ ಹೆಚ್ಚಿದಂತೆ ಬಿಂದುಗಳ ನಡುವಿನ ವ್ಯತ್ಯಾಸ ಹೇಗೆ ಬೆಳೆಯುತ್ತದೆಂದು ತೋರಿಸುವ ನಕ್ಷೆ) ಹಾಕಿ, ಎಷ್ಟು ಮೀಟರ್ ದೂರಕ್ಕೆ ಈ ನಂಟು ಕಳಚುತ್ತದೆ ನೋಡಿ.

ಇದಕ್ಕಿಂತ ದೊಡ್ಡ ತಾಪತ್ರಯ ಉಬ್ಬರವಿಳಿತದ ತಿದ್ದುಪಡಿಯದು, ಅಂದರೆ ಅಳೆಯುವ ಹೊತ್ತಿನ ಸಮುದ್ರಮಟ್ಟದ ಏರಿಳಿತವನ್ನು ಆಳದ ಲೆಕ್ಕದಿಂದ ತೆಗೆಯುವುದು. ಅದರಲ್ಲಿ 10 ಸೆಂ.ಮೀ. ತಪ್ಪಿದರೆ ನಿಮ್ಮ 40,000 ಬಿಂದುಗಳೂ ಒಟ್ಟಾಗಿ ಒಂದೇ ಕಡೆಗೆ ವಾಲುತ್ತವೆ, ಸರಾಸರಿ ಅದನ್ನು ಅಳಿಸದು. ನವ ಮಂಗಳೂರು ಬಂದರಿನ ಪ್ರವೇಶ ಚಾನೆಲ್ಲನ್ನೇ ತೆಗೆದುಕೊಳ್ಳಿ: ಉದ್ದ ಸುಮಾರು 7.5 ಕಿ.ಮೀ., ಅಗಲ 245 ಮೀ. ಗುಣಿಸಿದರೆ 18 ಲಕ್ಷ ಚದರ ಮೀಟರ್ ದಾಟುತ್ತದೆ. ಅಂಥ ಕಡೆ ಹತ್ತು ಸೆಂಟಿಮೀಟರ್ ತಪ್ಪಿದರೆ 1.8 ಲಕ್ಷ ಘನ ಮೀಟರ್ ಹೂಳು ಕಾಗದದ ಮೇಲೆಯೇ ಹುಟ್ಟಿಬಿಡುತ್ತದೆ! ಘನ ಮೀಟರಿಗೆ ಇಷ್ಟೆಂದು ಬಿಲ್ ಆಗುವ ಗುತ್ತಿಗೆಗಳಲ್ಲಿ ಜಗಳ ಹತ್ತಲು ಇಷ್ಟು ಸಾಕು.

ಇನ್ನು ಐದು ತಿಂಗಳಿಗೆ ಭಾಗಿಸುವುದನ್ನು ಬಿಡಿ. ಹೂಳು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಮುಂಗಾರಿನ ಅಲೆ ತಳ ಕದಡಿದಾಗ ರಾಶಿ ಬಂದು ಬೀಳುತ್ತದೆ, ಹೂಳೆತ್ತಿದ ಗುಂಡಿ ತುಂಬಿದಂತೆಲ್ಲ ಹೂಳು ಬೀಳುವ ವೇಗ ತಗ್ಗುತ್ತದೆ.

ಪ್ರಶ್ನೆ: ಅಕ್ಟೋಬರ್ ಸರ್ವೆಯಲ್ಲಿ ಎರಡು ತಳ ಕಾಣುತ್ತಿವೆ ಸರ್. ಆಳ ಅಳೆಯಲು ನೀರಿಗೆ ಬಿಡುವ ಶಬ್ದದ ಆವರ್ತನ ಎರಡು: 210 ಕಿಲೋಹರ್ಟ್ಸ್‌ನಲ್ಲಿ ಮೇಲೊಂದು, 33ರಲ್ಲಿ ಕೆಳಗೊಂದು. ಯಾವುದು ನಿಜ?

ಉತ್ತರ: ಗಂಜಿ ಪಾತ್ರೆ ನೆನಪಿಸಿಕೊಳ್ಳಿ. ಮೇಲೆ ತಿಳಿ, ಅಡಿಯಲ್ಲಿ ಅಗಳು, ನಡುವೆ ಅತ್ತ ನೀರೂ ಅಲ್ಲದ ಇತ್ತ ಅನ್ನವೂ ಅಲ್ಲದ ಮಂದ ಪದರ. ನುಣುಪು ಕೆಸರಿನ ಚಾನೆಲ್ಲಿನಲ್ಲೂ ಹೀಗೆಯೇ. 210 ಆ ಮಂದ ಪದರದ ನೆತ್ತಿ ಮುಟ್ಟಿ ಹಿಂತಿರುಗುತ್ತದೆ, 33 ಅದರೊಳಗೆ ಇಳಿಯುತ್ತದೆ. ಹಡಗಿಗೆ ಈ ತೆಳು ಕೆಸರು ಅಷ್ಟಾಗಿ ಅಡ್ಡಿಯಲ್ಲ. ಅದಕ್ಕೇ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಬಂದರಿನವರು ಘನ ಮೀಟರಿಗೆ 1.2 ಟನ್ ಸಾಂದ್ರತೆ ಸಿಗುವ ಮಟ್ಟವನ್ನೇ ತಳವೆಂದು ಹಿಡಿದರು. ನಿಮಗೆ ಸಾಂದ್ರತೆಯ ಅಳತೆ ಸಿಗದಿದ್ದರೆ ಎರಡೂ ಸರ್ವೆಗೆ ಒಂದೇ ಆವರ್ತನ ಬಳಸಿ, ಯಾವುದೆಂದು ವರದಿಯಲ್ಲಿ ಬರೆಯಿರಿ.

ಅಂದ ಹಾಗೆ, ಟೈಡ್ ಗೇಜ್ (ಉಬ್ಬರವಿಳಿತದ ನೀರಿನ ಮಟ್ಟ ಅಳೆಯುವ ಸಾಧನ) ಎಲ್ಲಿತ್ತು? ಬಂದರಿನ ಒಳಗಿದ್ದರೆ, ಚಾನೆಲ್ಲಿನ ಹೊರತುದಿಯಲ್ಲಿ ಅದೇ ಹೊತ್ತಿಗೆ ನೀರಿನ ಮಟ್ಟ ಬೇರೆಯಿರಬಹುದು, ಅಲ್ಲಿನ ಲೆಕ್ಕವನ್ನು ಬೇರೆಯಾಗಿಯೇ ಪರಿಶೀಲಿಸಿ.