ಕಣ ತುಳಿಯುವ ಎತ್ತಿನ ಬಾಯಿ

ನಮ್ಮ ಕಥೋಲಿಕ ಚರ್ಚಿನ ಧರ್ಮಕೇಂದ್ರದ ಮಹಿಳಾ ಸಂಘದ ಕಾರ್ಯದರ್ಶಿಯಾದ ತಪ್ಪಿಗೆ ನಡಾವಳಿ ಬರೆಯುವ ಭಾರ ನನ್ನ ಪಾಲಿಗೆ ಬಂದಿದೆ. ನಡಾವಳಿ ಪುಸ್ತಕದಲ್ಲಿ ತೀರ್ಮಾನಗಳಿಗೆ ಮಾತ್ರ ಜಾಗವಿರುವುದರಿಂದ, ಆ ತೀರ್ಮಾನಗಳನ್ನು ಮುಟ್ಟುವ ಮೊದಲು ನಾವು ಐವರು ಎಲ್ಲೆಲ್ಲಿ ಅಲೆದು ಬಂದೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಐವರೆಂದರೆ ಅಧ್ಯಕ್ಷೆ, ಖಜಾಂಚಿ ಅಕ್ಕ, ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಟೀಚರ್, ಸಂಘದ ಅತ್ಯಂತ ಹಿರಿಯ ಸದಸ್ಯೆಯಾದ ಅಜ್ಜಿ ಮತ್ತು ನಾನು. ಆರನೆಯವಳಾಗಿ ಹೊಸದಾಗಿ ಸೇರಿದ ಒಬ್ಬ ಹುಡುಗಿಯಿದ್ದಳು. ಅವಳು ಮಾತಾಡದೆ ಕೆಲಸ ಮಾಡುತ್ತಿದ್ದುದರಿಂದ ಅವಳನ್ನು ಸಂಘದ ಪೂರ್ಣ ಸದಸ್ಯೆಯೆಂದು ನಾವಿನ್ನೂ ಪರಿಗಣಿಸಿರಲಿಲ್ಲ.

ಸಭಾಂಗಣದ ಚಾವಣಿ ಸೋರುತ್ತಿತ್ತು. ಅದರ ರಿಪೇರಿಗೆ ಹಣ ಕೂಡಿಸಲು ಮನೆಮನೆಯ ಹಳೆಯ ಸಾಮಾನುಗಳನ್ನು ಕಾಣಿಕೆಯಾಗಿ ಪಡೆದು ಮಾರಾಟ ಮಾಡುವುದೆಂದು ನಿಶ್ಚಯವಾಗಿ, ಮಾರಾಟದ ಹಿಂದಿನ ಸಂಜೆ ಅದೇ ಸಭಾಂಗಣದಲ್ಲಿ, ಹನಿ ಬೀಳುವ ಜಾಗದಲ್ಲಿ ಇಟ್ಟಿದ್ದ ಬಕೆಟ್ಟಿನ ಸುತ್ತ ಕುಳಿತು ನಾವು ಸಾಮಾನು ವಿಂಗಡಿಸುತ್ತಿದ್ದೆವು.

ಮೊದಲ ತಕರಾರು ಬಾಗಿಲ ಮೇಲಿನ ಬೋರ್ಡಿನದು. "ರಮ್ಮೇಜ್ ಸೇಲ್ ಎಂದು ಬರೆದರೆ ಯಾರಿಗೆ ಅರ್ಥವಾಗುತ್ತದೆ?" ಎಂದು ಅಧ್ಯಕ್ಷೆ ಕೇಳಿದ್ದೇ ತಡ, ಟೀಚರ್ ತಮ್ಮ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿದರು. ಆ ಕನ್ನಡಕ ಮೇಲೇರಿತೆಂದರೆ ಪಾಠ ಆರಂಭವಾಯಿತೆಂದೇ ಲೆಕ್ಕ.

"ಆ ಪದ ಹಳೆಯ ಫ್ರೆಂಚಿನಿಂದ ಬಂದದ್ದು. ಹಡಗಿನ ಒಡಲಿನಲ್ಲಿ ಸರಕನ್ನು ಒತ್ತೊತ್ತಾಗಿ ಜೋಡಿಸಿಡುವುದಕ್ಕೆ ಆ ಹೆಸರಿತ್ತು. ಮುಂದೆ ಬಂದರಿನಲ್ಲಿ ವಾರಸುದಾರರಿಲ್ಲದೆ ಉಳಿದ ಸರಕನ್ನು ಮಾರುವುದಕ್ಕೆ ಅದೇ ಹೆಸರು ಬಂತು. ಚರ್ಚಿನಲ್ಲಿ ಜನ ಕೂರುವ ನಡುಭಾಗಕ್ಕೆ ಇಂಗ್ಲಿಷಿನಲ್ಲಿ ನೇವ್ ಎನ್ನುತ್ತಾರಲ್ಲ, ಅದರ ಮೂಲವೂ ಲ್ಯಾಟಿನ್ನಿನ ಹಡಗೇ."

"ಒಳಗೆ ನೀರು ಬರುತ್ತಿರುವುದನ್ನು ನೋಡಿದಾಗಲೇ ನನಗೆ ಇದು ಹಡಗೆಂದು ಅನುಮಾನವಿತ್ತು" ಎಂದು ಅಜ್ಜಿ ಹೇಳಿದರು. ಬೋರ್ಡಿನ ಮೇಲೆ 'ಹಳೆ ಸಾಮಾನಿನ ಮಾರಾಟ' ಎಂದೇ ಬರೆಯಲಾಯಿತು.

ಇಂಥ ಮಾರಾಟಕ್ಕೆ ಜನ ಏನೇನು ಕೊಡುತ್ತಾರೆಂಬುದನ್ನು ಕಣ್ಣಾರೆ ಕಾಣದವರು ನಂಬಲಾರರು. ಮುಚ್ಚಳವಿಲ್ಲದ ಡಬ್ಬಿಗಳೂ ಡಬ್ಬಿಯಿಲ್ಲದ ಮುಚ್ಚಳಗಳೂ ಬೇರೆಬೇರೆ ಮನೆಗಳಿಂದ ಬರುತ್ತವೆ. ಬಂದವನ್ನು ಜೋಡಿಸಿ ನೋಡಿದರೆ ಒಂದಕ್ಕೊಂದು ಕೂರುವುದಿಲ್ಲ. ಮುಳ್ಳು ಕಳಚಿದ ಗಡಿಯಾರ, ಬೀಗವಿಲ್ಲದ ಬೀಗದ ಕೈಗಳ ಗೊಂಚಲು, ಎಡಗಾಲಿನ ಒಂದೇ ಬೂಟು, ಎಲ್ಲವೂ ಬಂದಿದ್ದವು. ಆ ಬೂಟನ್ನು ಕೊಟ್ಟ ಮಹನೀಯರು ಇನ್ನೊಂದು ಸಿಕ್ಕರೆ ಮುಂದಿನ ವರ್ಷ ಕೊಡುವುದಾಗಿ ಚೀಟಿ ಬರೆದಿಟ್ಟಿದ್ದರು. ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸಿಲ್ಲ, ಕಸದ ತೊಟ್ಟಿಗೆ ಹಾಕಲು ಧೈರ್ಯವಿಲ್ಲ ಎಂಬ ಸ್ಥಿತಿಯ ವಸ್ತುಗಳಿಗೆಲ್ಲ ಚರ್ಚೇ ತಾಣವೆಂದು ಭಕ್ತಾದಿಗಳು ತಿಳಿದಂತಿದೆ.

"ಇದನ್ನೆಲ್ಲ ಏಕೆ ತೆಗೆದುಕೊಂಡಿರಿ?" ಎಂದು ಖಜಾಂಚಿ ಅಕ್ಕ ಗದರಿದರು.

"ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದಂತೆ" ಎಂದು ಅಧ್ಯಕ್ಷೆ ನುಣುಚಿಕೊಂಡರು.

"ಸಾಕುವುದಕ್ಕಾದರೆ ಎಣಿಸಬಾರದು. ಅದೇ ಎಮ್ಮೆಯನ್ನು ನಾಳೆ ಮಾರಬೇಕಾದರೆ ಎಣಿಸಲೇಬೇಕು."

ಟೀಚರ್ ಮತ್ತೆ ಕನ್ನಡಕ ತಳ್ಳಿದರು. ನಾಲ್ಕನೆಯ ಶತಮಾನದ ಸಂತ ಬೆಸಿಲರು ತಮ್ಮ ಪ್ರಬೋಧನೆಯೊಂದರಲ್ಲಿ, ನಿನ್ನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಮೇಲಂಗಿ ಬಟ್ಟೆಯಿಲ್ಲದವನದು, ನಿನ್ನ ಮನೆಯಲ್ಲಿ ಕೊಳೆಯುತ್ತಿರುವ ಪಾದರಕ್ಷೆ ಬರಿಗಾಲಿನವನದು ಎಂಬರ್ಥದಲ್ಲಿ ಶ್ರೀಮಂತರನ್ನು ತರಾಟೆಗೆ ತೆಗೆದುಕೊಂಡಿದ್ದನ್ನು ವಿವರಿಸಿದರು. "ನಮ್ಮವರು ಆ ಮಾತನ್ನು ಅಕ್ಷರಶಃ ಪಾಲಿಸಿದ್ದಾರೆ. ಪಾದರಕ್ಷೆ ಪೂರ್ತಿ ಕೊಳೆಯುವವರೆಗೆ ಕಾದು ಆಮೇಲೆ ತಂದುಕೊಟ್ಟಿದ್ದಾರೆ."

ರಾಶಿಯನ್ನು ನೋಡಿ ಅಧ್ಯಕ್ಷೆಯ ಎದೆ ಕುಸಿಯುತ್ತಿದ್ದಾಗ ಅವರಿಗೆ ಧೈರ್ಯ ತುಂಬಿದ್ದೂ ಟೀಚರೇ. 1617ರಲ್ಲಿ ಫ್ರಾನ್ಸಿನ ಶಾತಿಯೋಂ ಎಂಬಲ್ಲಿ ಗುರುಗಳಾಗಿದ್ದ ಸಂತ ವಿನ್ಸೆಂಟ್ ದೆ ಪೌಲ್, ಮನೆಮಂದಿಯೆಲ್ಲ ಕಾಯಿಲೆ ಬಿದ್ದಿದ್ದ ಒಂದು ಬಡ ಕುಟುಂಬದ ವಿಷಯವನ್ನು ಬಲಿಪೂಜೆಯ ವೇಳೆ ಪ್ರಸ್ತಾಪಿಸಿದರಂತೆ. ಅದೇ ದಿನ ಊರಿನ ಹೆಂಗಸರು ಆಹಾರ ಹೊತ್ತುಕೊಂಡು ಸಾಲುಸಾಲಾಗಿ ಹೊರಟರು. ಇಂದು ಬಂದದ್ದೆಲ್ಲ ಕೊಳೆತುಹೋಗಿ ನಾಳೆಯಿಂದ ಆ ಕುಟುಂಬ ಹಸಿದಿರಬೇಕಾಗುತ್ತದೆಂದು ಕಂಡ ವಿನ್ಸೆಂಟರು, ಆ ಹೆಂಗಸರನ್ನೇ ಕೂಡಿಸಿ ಯಾವ ದಿನ ಯಾರ ಸರದಿ ಎಂದು ನಿಯಮ ಬರೆದು ಸಂಘ ಕಟ್ಟಿಕೊಟ್ಟರು. ಧರ್ಮಕೇಂದ್ರದ ಮಹಿಳೆಯರು ಸಂಘ ಕಟ್ಟಿಕೊಂಡು ಸೇವೆ ಮಾಡುವ ಪರಿಪಾಠಕ್ಕೆ ಅದೊಂದು ದೊಡ್ಡ ಮೇಲ್ಪಂಕ್ತಿಯಾಯಿತು.

"ಅಂದರೆ ಔದಾರ್ಯಕ್ಕೆ ಆಗಲೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಪಟ್ಟಿ ಬರೆಯುವವರಿಗೆ" ಎಂದು ನಾನು ಹೆಮ್ಮೆಯಿಂದ ಪೆನ್ನು ಕೈಗೆತ್ತಿಕೊಂಡೆ. ಪಟ್ಟಿ ಬರೆದು ಮುಗಿಸಿದಾಗ ಕಪ್ಪುಗಳಿಗಿಂತ ಸಾಸರುಗಳು ಹದಿಮೂರು ಹೆಚ್ಚಾಗಿದ್ದವು.

ಆಮೇಲೆ ಒಂದು ರಟ್ಟಿನ ಡಬ್ಬಿ ತೆರೆದಾಗ ಎಲ್ಲರೂ ಸುಮ್ಮನಾದೆವು. ತುಂಬ ಜಪಸರಗಳು, ಅವುಗಳ ನಡುವೆ, ಯಾವುದೋ ಸಂತರ ಪವಿತ್ರ ಅವಶೇಷವಿರುವಂತೆ ಕಾಣುವ ಗಾಜಿನ ಪುಟ್ಟ ಕರಡಿಗೆ. ಹೊಸ ಹುಡುಗಿ ಬೆಲೆಯ ಚೀಟಿಗಳ ಹಾಳೆಯನ್ನು ಹಿಡಿದು ಅದರತ್ತ ಬಾಗಿದಳು.

"ಕೈ ತೆಗೆ ಮಗಳೇ!" ಎಂದು ಟೀಚರ್ ಕೂಗಿದರು. "ಪವಿತ್ರ ಅವಶೇಷಗಳನ್ನು ಮಾರಲೇಕೂಡದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1190ನೆಯ ವಿಧಿ ಖಡಾಖಂಡಿತವಾಗಿ ಹೇಳುತ್ತದೆ." ಕರಡಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಗುರುಗಳ ಮನೆಗೆ ತಲುಪಿಸಲಾಯಿತು.

ಜಪಸರಗಳ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಆಶೀರ್ವದಿಸಿದ ಜಪಸರವನ್ನು ಮಾರಿದರೆ ಅದಕ್ಕೆ ಹೊಂದಿಕೊಂಡ ದಂಡವಿಮೋಚನೆಯ, ಅಂದರೆ ಪಾಪಕ್ಕೆ ತೆರಬೇಕಾದ ದಂಡನೆಯಿಂದ ಬಿಡುಗಡೆಯ, ಫಲ ಹೋಗಿಬಿಡುತ್ತದೆ ಎಂಬುದು ನಿಯಮ. "ಪುಕ್ಕಟೆ ಕೊಡೋಣ" ಎಂದರು ಟೀಚರ್. "ಪುಕ್ಕಟೆ ಕೊಟ್ಟರೆ ಚಾವಣಿಗೇನು ಫಲ?" ಎಂದರು ಖಜಾಂಚಿ ಅಕ್ಕ. ಕೊನೆಗೆ ಅವನ್ನು ಬೆಲೆಯಿಲ್ಲದೆ ಒಂದು ತಟ್ಟೆಯಲ್ಲಿಟ್ಟು, ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲವೆಂಬಂತೆ ಒಂದು ಮೊಳ ದೂರದಲ್ಲಿ ಕಾಣಿಕೆ ಡಬ್ಬಿಯನ್ನು ಇಡುವುದೆಂದಾಯಿತು. ಮೊಳ ಯಾರ ಕೈಯದೆಂಬ ಬಗ್ಗೆಯೂ ಸ್ವಲ್ಪ ಚರ್ಚೆ ನಡೆದು, ಖಜಾಂಚಿ ಅಕ್ಕನ ಕೈ ಗಿಡ್ಡವೆಂಬ ಕಾರಣಕ್ಕೆ ಅವರದನ್ನೇ ಒಪ್ಪಿಕೊಳ್ಳಲಾಯಿತು.

ಇಷ್ಟು ಹೊತ್ತೂ ಅಜ್ಜಿ ಮೂಲೆಯ ಮೇಜಿನ ಮೇಲೆ ಒಂದು ಜಿಗ್‌ಸಾ ಒಗಟಿನ ಮುಂದೆ ಬಾಗಿ ಕುಳಿತಿದ್ದರು. ಬಂದರಿನಲ್ಲಿ ನಿಂತ ಹಡಗಿನ ಚಿತ್ರ, 500 ತುಂಡು. ಎಲ್ಲ ತುಂಡುಗಳಿವೆಯೇ ಎಂದು ನೋಡದೆ ಮಾರುವುದು ಸುಳ್ಳು ಹೇಳಿದ್ದಕ್ಕೆ ಸಮವೆಂದೂ, ಎಣಿಸಿ ನೋಡಿದರೆ ಸಾಲದು, ಬೇರೆ ಒಗಟಿನ ತುಂಡು ಸೇರಿಕೊಂಡಿದ್ದರೆ ಗೊತ್ತಾಗುವುದಿಲ್ಲವಾದ್ದರಿಂದ ಜೋಡಿಸಿಯೇ ನೋಡಬೇಕೆಂದೂ ಅವರು ವಾದಿಸಿ, ಮೂರು ಸಂಜೆಗಳನ್ನು ಅದಕ್ಕೇ ವಿನಿಯೋಗಿಸಿದ್ದರು. ಬೇರೆ ಕೆಲಸ ತಪ್ಪಿಸಿಕೊಳ್ಳಲು ಇಷ್ಟು ನೈತಿಕವಾದ ದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"499" ಎಂದು ಅವರು ನಿಟ್ಟುಸಿರುಬಿಟ್ಟರು. ಹಡಗಿನ ಕಂಬದ ತುದಿಯಲ್ಲಿ, ಆಕಾಶದ ಒಂದು ಚೂರು ಇರಲಿಲ್ಲ. ಆ ತೂತಿನಲ್ಲಿ ಮೇಜಿನ ಮರ ಕಾಣುತ್ತಿತ್ತು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರಿಗೆ ಎಲ್ಲರೂ ಸೇರಿ ಒಂದು ಪ್ರಾರ್ಥನೆ ಸಲ್ಲಿಸಿ, ಮೇಜಿನ ಕೆಳಗೆ ಹುಡುಕಿ, ಸಿಗದಿದ್ದಾಗ ಖಜಾಂಚಿ ಅಕ್ಕ ಬೆಲೆಯನ್ನು ಅರ್ಧಕ್ಕಿಳಿಸಿ 'ಒಂದು ತುಂಡು ಇಲ್ಲ' ಎಂದು ಡಬ್ಬಿಯ ಮೇಲೆ ಬರೆದರು. ಬರೆಯುವಾಗ ಆ ಹಡಗಿನ ಚಿತ್ರವನ್ನು ಅವರು ಕೊಂಚ ಹೆಚ್ಚು ಹೊತ್ತೇ ನೋಡಿದರೆಂದು ನನಗೆ ಈಗ ಅನ್ನಿಸುತ್ತಿದೆ.

ನಿಜವಾದ ಕದನ ನಡೆದದ್ದು ಆಮೇಲೆ. ದಿನವಿಡೀ ವಿಂಗಡಿಸಿ, ಒರೆಸಿ, ಚೀಟಿ ಹಚ್ಚಿದ ಸದಸ್ಯೆಯರು, ಹೊರಗಿನವರಿಗೆ ಬಾಗಿಲು ತೆರೆಯುವ ಮುನ್ನ ತಮಗೆ ಬೇಕಾದ್ದನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಬಹುದೇ? ಈ ಪ್ರಶ್ನೆ ಎಷ್ಟೋ ಸ್ನೇಹಗಳನ್ನು ಮುರಿದಿದೆಯೆಂದು ಅಜ್ಜಿ ಎಚ್ಚರಿಸಿದರೂ ಅಧ್ಯಕ್ಷೆ ಅದನ್ನು ಎತ್ತಿಯೇಬಿಟ್ಟರು. ಅವರ ಮೊಣಕೈಯ ಕೆಳಗೆ ಒಂದು ಮೇಜುದೀಪ ಆಗಲೇ ಅಡಗಿತ್ತು.

"ಬೇಲಿಯೇ ಎದ್ದು ಹೊಲ ಮೇಯಬಾರದು" ಎಂದು ಖಜಾಂಚಿ ಅಕ್ಕ ಗುಡುಗಿದರು.

"ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದೆಂದು ಬೈಬಲಿನ ಧರ್ಮೋಪದೇಶಕಾಂಡದಲ್ಲೇ ಇದೆ. ಸಂತ ಪೌಲರು ಆ ಮಾತನ್ನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಮತ್ತೆ ಎತ್ತಿ ಹೇಳುತ್ತಾರೆ" ಎಂದರು ಟೀಚರ್. ಅವರ ಕಣ್ಣು ಒಂದು ಸಾಸರಿನ ಸೆಟ್ಟಿನ ಮೇಲಿತ್ತು.

"ಎತ್ತು ಕಾಳು ತಿನ್ನಲಿ, ಬೇಡವೆನ್ನುವವರಾರು? ಆದರೆ ದೀಪ, ಸಾಸರು ಎಂದು ಆರಿಸಿ ಆರಿಸಿ ತಿನ್ನುವ ಎತ್ತನ್ನು ನಾನು ನೋಡಿಲ್ಲ. ಯೇಸುವಿನ ಶಿಷ್ಯರಾದ ಪ್ರೇಷಿತರ ಕಾಲದ ಅನನೀಯ, ಸಫೈರರ ಕಥೆ ನಿಮಗೆ ತಿಳಿದಿದೆಯಲ್ಲ? ಹೊಲ ಮಾರಿದ ಹಣದಲ್ಲಿ ಒಂದಿಷ್ಟನ್ನು ಗುಟ್ಟಾಗಿ ತಮಗಿಟ್ಟುಕೊಂಡು, ಎಲ್ಲವನ್ನೂ ಕೊಟ್ಟೆವೆಂದದ್ದಕ್ಕೆ ಗಂಡ ಹೆಂಡತಿ ಇಬ್ಬರೂ ನಿಂತಲ್ಲೇ ಬಿದ್ದು ಸತ್ತರು."

"ಅವರು ಹಣ ಮುಚ್ಚಿಟ್ಟವರು ಅಕ್ಕಾ. ನಾವು ಕೊಡುವವರು."

"ಹನ್ನೆರಡು ಮಂದಿ ಶಿಷ್ಯರಲ್ಲಿ ಹಣದ ಚೀಲ ಯಾರ ಕೈಯಲ್ಲಿತ್ತೆಂಬುದನ್ನೂ ಯೊವಾನ್ನರು ಬರೆದಿದ್ದಾರೆ" ಎಂದು ಅಧ್ಯಕ್ಷೆ ತಣ್ಣಗೆ ಹೇಳಿದರು. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರು ಬಾಯಿಗೆ ಬಾರದಿದ್ದರೂ ಸಭಾಂಗಣದಲ್ಲಿ ಬಕೆಟ್ಟಿಗೆ ಹನಿ ಬೀಳುವ ಸದ್ದು ಮಾತ್ರ ಕೇಳುವಷ್ಟು ಮೌನ ಕವಿಯಿತು.

ಈ ಮಾತಿನಿಂದ ಕೆರಳಿದ ಖಜಾಂಚಿ ಅಕ್ಕ ತಾವೇ ನಿರ್ಣಯ ಮಂಡಿಸಿದರು: ಬಾಗಿಲು ತೆರೆಯುವ ಮೊದಲು ಯಾವ ಸದಸ್ಯೆಯೂ ಯಾವ ಬೆಲೆಗೂ ಯಾವ ವಸ್ತುವನ್ನೂ ಕೊಳ್ಳತಕ್ಕದ್ದಲ್ಲ. ಯೂದನ ಮಾತಿನ ಮುಜುಗರದಲ್ಲಿ ಎಲ್ಲರೂ ಕೈಯೆತ್ತಿದೆವು. ಅಧ್ಯಕ್ಷೆ ಕೈಯೆತ್ತಿದಾಗ ದೀಪ ಬಯಲಿಗೆ ಬಿತ್ತು.

ಮಾರಾಟದ ದಿನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗದ್ದಲವೆಲ್ಲ ಒಂದೇ ತರಹದ್ದು. ಮೊದಲ ಗಂಟೆಯಲ್ಲಿ ಒಳ್ಳೆಯದೆಲ್ಲ ಹೋಯಿತು. ಕೊನೆಯ ಗಂಟೆಯಲ್ಲಿ, ಚೀಲ ತುಂಬಿದಷ್ಟಕ್ಕೆ ಒಂದೇ ಬೆಲೆ ಎಂದು ಸಾರಿದಾಗ, ಹಿಂದಿನ ದಿನ ತಾವೇ ಕೊಟ್ಟ ಸಾಮಾನಿನ ಪಕ್ಕದಲ್ಲಿ ನಿಂತು ನೆರೆಯವರು ಕೊಟ್ಟ ಸಾಮಾನನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ ದಂಪತಿಗಳನ್ನು ಕಂಡೆ. ಎಡಗಾಲಿನ ಬೂಟೂ ಹೋಯಿತು. ಕೊಂಡವರು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೊಸ ಹುಡುಗಿಯಂತೂ ಕಣ್ಣಿಗೆ ಬಿದ್ದದ್ದನ್ನೆಲ್ಲ ಮಾರುವ ಹುರುಪಿನಲ್ಲಿ, ಹನಿ ಹಿಡಿಯಲು ಇಟ್ಟಿದ್ದ ಬಕೆಟ್ಟನ್ನೂ ನೀರು ಚೆಲ್ಲಿ, ಒರೆಸಿ, ಮಾರಿಬಿಟ್ಟಿದ್ದಳು. ಅವಳನ್ನು ಪೂರ್ಣ ಸದಸ್ಯೆಯೆಂದು ಅಂದೇ ಒಪ್ಪಿಕೊಂಡೆವು.

ಸಂಜೆ ಲೆಕ್ಕಕ್ಕೆ ಕುಳಿತೆವು. ಪರದೆಗಳಿಗೂ ಸ್ವಲ್ಪ ಹಣ ತೆಗೆದಿಡಬಾರದೇ ಎಂದು ಅಧ್ಯಕ್ಷೆ ಕೇಳಿದಾಗ, ಭಕ್ತರು ಒಂದು ಉದ್ದೇಶಕ್ಕೆಂದು ಕೊಟ್ಟದ್ದನ್ನು ಆ ಉದ್ದೇಶಕ್ಕೇ ಬಳಸಬೇಕೆಂಬ, ಅದೇ ಕಾನೂನು ಸಂಹಿತೆಯ 1267ನೆಯ ವಿಧಿಯನ್ನು ಟೀಚರ್ ಮುಂದಿಟ್ಟು ಬಾಯಿ ಮುಚ್ಚಿಸಿದರು. ಆದರೆ ಲೆಕ್ಕವೇ ಕೂಡಿಬರುತ್ತಿರಲಿಲ್ಲ. ಮಾರಾಟದ ಪುಸ್ತಕದಲ್ಲಿ ಬರೆದದ್ದಕ್ಕಿಂತ ಪೆಟ್ಟಿಗೆಯಲ್ಲಿ ಹಣ ಹೆಚ್ಚಿತ್ತು. ಕಡಿಮೆ ಬಿದ್ದಿದ್ದರೆ ಯಾರಾದರೊಬ್ಬರನ್ನು ಅನುಮಾನಿಸಿ ಮಲಗಬಹುದಿತ್ತು. ಹೆಚ್ಚು ಬಿದ್ದಾಗ ಏನು ಮಾಡಬೇಕೆಂದು ನಮಗಾರಿಗೂ ಅಭ್ಯಾಸವಿರಲಿಲ್ಲ. ಮೂರು ಸಲ ಎಣಿಸಿದರೂ ಅಷ್ಟೇ ಹೆಚ್ಚು. ಖಜಾಂಚಿ ಅಕ್ಕ ಮಾತ್ರ ಎಣಿಸುವ ಉತ್ಸಾಹ ತೋರದೆ, "ಕಾಣಿಕೆ ಡಬ್ಬಿಯ ಚಿಲ್ಲರೆ ಬೆರೆತಿರಬೇಕು, ಬಿಡಿ" ಎನ್ನುತ್ತಿದ್ದರು. ಒಂದು ಕಾಸಿಗೆ ಊರು ಸುತ್ತುವ ಹೆಂಗಸು ಬಿಡಿ ಎಂದದ್ದು ನನಗೆ ವಿಚಿತ್ರವಾಗಿ ಕಂಡಿತು.

ಅಷ್ಟರಲ್ಲಿ ಮಳೆ ಬಂತು. ಬಕೆಟ್ಟಿಲ್ಲದ ಜಾಗದಲ್ಲಿ ನೀರು ನಿಂತು, ಅಜ್ಜಿ ಪೊರಕೆ ಹಿಡಿದು ಗುಡಿಸಲು ಹೋದರು. ಬಕೆಟ್ಟು ಇದ್ದ ಕಡೆ ನೆಲದ ಮೇಲೆ ಉಳಿದಿದ್ದ ದುಂಡನೆಯ ಕಲೆಯ ನಡುವೆ ನೀಲಿಯದೇನೋ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ ದೀಪದ ಬೆಳಕಿಗೆ ಹಿಡಿದರು. ಆಕಾಶದ ಚೂರು, ಅಂಚಿನಲ್ಲಿ ಹಡಗಿನ ಕಂಬದ ಕೂದಲೆಳೆಯಷ್ಟು ತುದಿ.

"ಲೂಕರ ಶುಭಸಂದೇಶದ ಹೆಂಗಸು!" ಎಂದು ಟೀಚರ್ ಚೀರಿದರು. "ಹತ್ತು ನಾಣ್ಯದಲ್ಲಿ ಒಂದು ಕಳೆದಾಗ ದೀಪ ಹಚ್ಚಿ, ಮನೆ ಗುಡಿಸಿ, ಸಿಕ್ಕ ಮೇಲೆ ಗೆಳತಿಯರನ್ನೂ ನೆರೆಯವರನ್ನೂ ಕರೆದು ಸಂತೋಷಪಟ್ಟಳಲ್ಲ, ಅವಳೇ!"

"ಸಂತೋಷ ಆಮೇಲೆ ಪಡೋಣ. ಒಗಟನ್ನು ಕೊಂಡವರು ಯಾರು? ಅವರಿಗೆ ಇದನ್ನು ಮುಟ್ಟಿಸಬೇಕು" ಎಂದರು ಅಜ್ಜಿ.

ನಾನು ಮಾರಾಟದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಒಗಟು ಎಲ್ಲೂ ಇರಲಿಲ್ಲ. ಬಾಗಿಲು ತೆರೆದಾಗ ಮೂಲೆಯ ಮೇಜು ಖಾಲಿಯಿತ್ತೆಂದು ಹೊಸ ಹುಡುಗಿ ಮೊದಲ ಬಾರಿಗೆ ಬಾಯಿಬಿಟ್ಟಳು. ಪೆಟ್ಟಿಗೆಯಲ್ಲಿ ಹೆಚ್ಚಾಗಿದ್ದ ಮೊತ್ತವನ್ನೂ ಒಗಟಿನ ಅರ್ಧಬೆಲೆಯನ್ನೂ ನನ್ನ ತಲೆ ಜೋಡಿಸುತ್ತಿರುವಾಗಲೇ, ಬಾಯಿ ಇನ್ನೂ ನಿರ್ಧರಿಸದಿದ್ದ ಸಂಗತಿಯನ್ನು ಖಜಾಂಚಿ ಅಕ್ಕನ ಕೈ ನಿರ್ಧರಿಸಿತ್ತು. ಆ ಗಿಡ್ಡ ಕೈ ನೀಲಿ ಚೂರಿನತ್ತ ತಾನಾಗಿಯೇ ಚಾಚಿತು.

ಯಾರೂ ಮಾತಾಡಲಿಲ್ಲ. ಅಧ್ಯಕ್ಷೆ ಮಾತ್ರ, ಕೈತಪ್ಪಿ ಹೋದ ದೀಪವನ್ನು ನೆನೆದಿರಬೇಕು, ಬೇಲಿಯ ಬಗ್ಗೆ ಏನನ್ನೋ ಹೇಳಲು ಉಸಿರೆಳೆದುಕೊಂಡರು.

ಅಜ್ಜಿ ಅವರಿಗೆ ಅವಕಾಶ ಕೊಡಲಿಲ್ಲ. ಚೂರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, "ಒಂದು ತುಂಡು ಇಲ್ಲವೆಂದಲ್ಲವೇ ಅರ್ಧಬೆಲೆ ಹಾಕಿದ್ದು? ಈಗ 500 ತುಂಬಿತು. ಉಳಿದರ್ಧವನ್ನು ಪೆಟ್ಟಿಗೆಗೆ ಹಾಕು" ಎಂದರು.

"ನೀರಿನಲ್ಲಿ ನೆನೆದು ಉಬ್ಬಿದೆ ಅಜ್ಜಿ, ಕೂರುತ್ತದೋ ಇಲ್ಲವೋ" ಎಂದು ಖಜಾಂಚಿ ಅಕ್ಕ ಚೌಕಾಸಿಗೆ ಇಳಿದರು.